ಕನಿಷ್ಠ ಶಿಲ್ಕು ಮತ್ತು ನಮ್ಮ ಹಕ್ಕು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಹಣಕಾಸಿನ ಮಾತೇಕೆ ಎಂದು ತಾವು ಕೇಳಬಹುದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ನಾವು. ಊರಿನಲ್ಲಿರುವ ತಾಯಿತಂದೆಯರಿಗೆ ನಮ್ಮ ದುಡಿಮೆ ತಲುಪುವುದು ಬ್ಯಾಂಕಿನ ಖಾತೆಯ ಮೂಲಕವೇ. ಆದುದರಿಂದ ಈ ಮಾತು ಅಪ್ರಸ್ತುತವಲ್ಲ.

ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಆದರದಿಂದ ಸ್ವೀಕರಿಸಿತು. ಸಣ್ಣ ಹಣಕ್ಕೆ ಅಷ್ಟು ಮನ್ನಣೆಯಿತ್ತ ನಾಡಿನವರಾದ ನಾವು, ಖಾತೆಯಲ್ಲಿ ಹಣ ಸಣ್ಣದಾಯಿತೆಂದೇ ದಂಡ ತೆರುವ ಕಾಲವನ್ನೂ ಕಂಡೆವು. ಬ್ಯಾಂಕಿಗೂ ಖರ್ಚುಂಟು, ನಿಜ. ಆದರೆ ಅದನ್ನು ಇಲ್ಲದವನಿಂದಲೇ ವಸೂಲು ಮಾಡುವುದು ನ್ಯಾಯವೇ?

ನಮ್ಮ ಹುಡುಗರಿಗೆ ಒದಗುವ ಕಷ್ಟವನ್ನೇ ನೋಡಿ. ಸಂಬಳದ ಖಾತೆಗೆ ಸಾಮಾನ್ಯವಾಗಿ ಕನಿಷ್ಠ ಶಿಲ್ಕಿನ ಕಟ್ಟಿರುವುದಿಲ್ಲ. ಕೆಲಸ ಹೋಗಿ ಕೆಲವು ತಿಂಗಳು ಸಂಬಳ ಬೀಳದಿದ್ದರೆ ಅದು ಸಾಧಾರಣ ಉಳಿತಾಯ ಖಾತೆಯಾಗುತ್ತದೆ. ಕೈ ಬರಿದಾದ ಹೊತ್ತಿನಲ್ಲೇ ದಂಡ ಬಂದೆರಗುತ್ತದೆ.

ಇದಕ್ಕೆ ಕಟ್ಟಳೆಗಳಿವೆ. 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಶಿಲ್ಕು ಕಡಿಮೆಯಾದರೆ ಬ್ಯಾಂಕು ಮೊದಲು ತಿಳಿಸಬೇಕು. ತುಂಬಲು ಒಂದು ತಿಂಗಳಿಗೆ ಕಡಿಮೆಯಿಲ್ಲದ ಅವಧಿ ಕೊಡಬೇಕು. ದಂಡವು ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು. ಬರಿಯ ದಂಡದಿಂದಲೇ ಖಾತೆ ಶೂನ್ಯಕ್ಕಿಂತ ಕೆಳಗಿಳಿಯಕೂಡದು. ಎರಡು ವರ್ಷಕ್ಕೂ ಮೀರಿ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ 2024ರ ಏಪ್ರಿಲ್‌ನಿಂದ ಈ ದಂಡವನ್ನು ಹಾಕುವಂತಿಲ್ಲ.

ಇನ್ನೊಂದು ಮಾತು. ಅನೇಕ ಬ್ಯಾಂಕುಗಳು ಕೇಳುವುದು ತಿಂಗಳ ಸರಾಸರಿಯನ್ನು. ಮೂವತ್ತು ದಿನಗಳ ತಿಂಗಳಲ್ಲಿ ಹತ್ತು ದಿನ 30,000 ರೂಪಾಯಿ ಇದ್ದು, ಉಳಿದ ಇಪ್ಪತ್ತು ದಿನ ಏನೂ ಇಲ್ಲದಿದ್ದರೂ ಸರಾಸರಿ 10,000 ಆಗುತ್ತದೆ. ಇದನ್ನರಿತರೆ ವೃಥಾ ಗಾಬರಿ ತಪ್ಪುತ್ತದೆ.

ಅಷ್ಟೂ ಇಡಲಾರದವರು ಮೂಲ ಉಳಿತಾಯ ಖಾತೆಯನ್ನು ಕೇಳಿ ಪಡೆಯಬಹುದು. ಅದಕ್ಕೆ ಕನಿಷ್ಠ ಶಿಲ್ಕೇ ಇಲ್ಲ. ಆದರೆ ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆಯನ್ನು ಇಟ್ಟುಕೊಳ್ಳುವಂತಿಲ್ಲ. ಸ್ಟೇಟ್ ಬ್ಯಾಂಕು 2020ರಲ್ಲಿ, 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು 2025ರ ಜೂನ್ 1ರಿಂದ, ಉಳಿತಾಯ ಖಾತೆಗಳಿಗೆ ಈ ದಂಡವನ್ನು ಕೈಬಿಟ್ಟವು. ಬಿಡಲು ಸಾಧ್ಯವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ದೂರಿತ್ತು 30 ದಿನಗಳಲ್ಲಿ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ರಿಗೆ ಖರ್ಚಿಲ್ಲದೆ ಬರೆಯಬಹುದು. ಆದರೆ ಬ್ಯಾಂಕಿನ ಎಚ್ಚರಿಕೆ ಇಂಗ್ಲಿಷಿನಲ್ಲಿ ಬಂದರೆ ನಮ್ಮ ಹಿರಿಯರಿಗೆ ಅದು ಬಂದೂ ಬಾರದಂತೆಯೇ. ಓದಬಲ್ಲವರು ಭಾನುವಾರ ಒಂದು ಗಂಟೆ ಸಂಘದಲ್ಲಿ ಕುಳಿತು, ಓದಲಾರದವರ ಪುಸ್ತಕ ನೋಡಿ, ಅರ್ಜಿ ಬರೆದುಕೊಟ್ಟರೆ ಅದೂ ಕನ್ನಡದ ಸೇವೆಯೇ ಎಂದು ನಾವು ನಂಬಿದ್ದೇವೆ. ಈ ಕಾರ್ಯಕ್ಕೆ ತಾವೆಲ್ಲರೂ ಕೈಗೂಡಿಸಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.

ಜಯ ಕರ್ನಾಟಕ!