ಹೊಸ ದಫ್ತರಕ್ಕೆ ಹೋದ ಲೆಕ್ಕ

(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಮೆಟ್ರಿಕ್ ಓದಿ ಗಿರಣಿ ಕಚೇರಿಯಲ್ಲಿ ಲೆಕ್ಕ ಬರೆಯುವವನು. ಆದುದರಿಂದ ಲೆಕ್ಕದ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಹಳೆಯ ಲೆಕ್ಕವನ್ನು ಹೊಸ ಯಂತ್ರಕ್ಕೆ ಸಾಗಿಸಿದ ಮೇಲೆ, ಯಾರೂ ಹೇಳದೆ ಅಂಕಿಯೋ ಹೆಸರೋ ಬದಲಾಗಿ ಕಂಡರೆ, ಅದರ ಮೂಲವನ್ನು ಹುಡುಕುವುದು ಹೇಗೆ? ಇದು ಕಂಪ್ಯೂಟರಿನವರ ಪ್ರಶ್ನೆ ಮಾತ್ರವಲ್ಲ. ಊರಲ್ಲಿ ಎರಡೆಕರೆ ಹೊಲ ಬಿಟ್ಟು ಬಾಂದ್ರಾದಲ್ಲಿ ಖೋಲಿ ಹಿಡಿದಿರುವ ನಮ್ಮೆಲ್ಲರ ಪ್ರಶ್ನೆ.

ಪಹಣಿ ಪತ್ರಿಕೆ ನಿಮಗೆಲ್ಲ ಗೊತ್ತು. ವಿಜಾಪುರ, ಧಾರವಾಡದ ಕಡೆಯವರು ಅದನ್ನು ಉತಾರ ಎನ್ನುತ್ತಾರೆ. ಮಂಗಳೂರು, ಉಡುಪಿಯವರು ಆರ್.ಟಿ.ಸಿ. ಎನ್ನುತ್ತಾರೆ. ಬಹುಕಾಲ ಅದು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. 2000ದ ಆಚೀಚಿನ ವರ್ಷಗಳಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ, 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಇಷ್ಟು ದೊಡ್ಡ ಮೂಟೆಯನ್ನು ಹೊತ್ತು ಸಾಗಿಸುವಾಗ ನಾಲ್ಕು ಕಾಳು ಉದುರದೆ ಇದ್ದೀತೇ?

ಬದಲಾವಣೆ ಒಳಬರುವ ಬಾಗಿಲುಗಳು ಮುಖ್ಯವಾಗಿ ಮೂರು. ಮೊದಲನೆಯದು, ಸಾಗಿಸುವಾಗಲೇ ಆದ ತಪ್ಪು. ಪಹಣಿಯಲ್ಲಿ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. 40 ಗುಂಟೆಗೆ ಒಂದು ಎಕರೆಯೆಂಬುದನ್ನು ಯಂತ್ರಕ್ಕೆ ಕಲಿಸದಿದ್ದರೆ, ಅದು 2.20ಕ್ಕೆ 1.25 ಕೂಡಿಸಿ 3.45 ಎನ್ನುತ್ತದೆ. ನಿಜವಾದ ಉತ್ತರ 4 ಎಕರೆ 5 ಗುಂಟೆ. ಇಲ್ಲಿ ಯಾರೂ ಕದ್ದಿಲ್ಲ, ಆದರೂ ನೆಲ ಕಡಿಮೆಯಾಯಿತು!

ಎರಡನೆಯದು, ಹಳೆಯ ಏರ್ಪಾಡು ಸುಮ್ಮನಾಗದಿರುವುದು. ಹೊತ್ತು ಗೊತ್ತುಮಾಡಿ ತಾನಾಗಿ ನಡೆಯುವಂತೆ ಯಂತ್ರಕ್ಕೆ ಕೆಲಸ ಕೊಟ್ಟಿರುತ್ತಾರೆ. ಹೊಸದಕ್ಕೆ ಹೋದ ಮೇಲೂ ಹಳೆಯದನ್ನು ನಿಲ್ಲಿಸದಿದ್ದರೆ, ನಿವೃತ್ತನಾದ ಗುಮಾಸ್ತ ರಾತ್ರಿ ಬಂದು ಹೊಸ ಲೆಡ್ಜರಿನಲ್ಲಿ ಹಳೆಯ ಅಂಕಿ ಬರೆದಂತಾಗುತ್ತದೆ. ಮೂರನೆಯದು ಮನುಷ್ಯರ ಕೈ. ಅದು ನ್ಯಾಯವಾದ ಆದೇಶವಿರಬಹುದು, ವಂಚನೆಯೂ ಇರಬಹುದು.

ಲೆಕ್ಕ ಸರಿಯಿದ್ದೂ ಕಾಣುವುದು ತಪ್ಪಾಗುವುದುಂಟು. 2018ರ ಏಪ್ರಿಲಿನಲ್ಲಿ ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕು 50 ಲಕ್ಷಕ್ಕೂ ಹೆಚ್ಚು ಗಿರಾಕಿಗಳ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಲೆಕ್ಕ ಸರಿಯಾಗಿಯೇ ಸಾಗಿತ್ತು; ಹೊಸ ವ್ಯವಸ್ಥೆ ಮುಗ್ಗರಿಸಿತು. ಕೆಲವರಿಗೆ ಪರರ ಖಾತೆ ಕಂಡಿತು. 2022ರಲ್ಲಿ ಆ ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡಿಗೂ ಮೀರಿದ ದಂಡ ಬಿತ್ತು.

ಹಾಗಾದರೆ ಹುಡುಕುವ ಕ್ರಮವೇನು? ಮೊದಲು, ತಪ್ಪನ್ನು ಅವಸರದಿಂದ ತಿದ್ದಬಾರದು. ತಿದ್ದಿದರೆ ಹೆಜ್ಜೆಗುರುತು ಅಳಿಯುತ್ತದೆ. ಮುಂಚೆ ಏನಿತ್ತು, ಈಗ ಏನಿದೆ, ಯಾವಾಗ ಕಂಡಿತು ಎಂದು ಬರೆದಿಡಬೇಕು. ಹಳೆಯದನ್ನೂ ಹೊಸದನ್ನೂ ಸಾಲು ಸಾಲಾಗಿ ತಾಳೆ ನೋಡಬೇಕು. ದಿನವೂ ಒಂದೇ ಹೊತ್ತಿಗೆ ಬದಲಾಗುತ್ತಿದ್ದರೆ ಬಹುಶಃ ಯಂತ್ರದ ಕೆಲಸ. ಕಚೇರಿಯ ವೇಳೆಯಲ್ಲಿ ಹಿಂದುಮುಂದಾಗಿ ಆಗುತ್ತಿದ್ದರೆ ಮನುಷ್ಯರ ಕೆಲಸ. ಯಾರು, ಯಾವ ಯಂತ್ರದಿಂದ, ಎಷ್ಟು ಗಂಟೆಗೆ ಬರೆದರೆಂಬ ದಾಖಲೆ ತಾನಾಗಿ ಉಳಿಯುವಂತೆ ಮಾಡಬೇಕು. ಎಲ್ಲರೂ ಒಂದೇ ಹೆಸರಿನಿಂದ ಒಳಹೊಕ್ಕರೆ ಆ ದಾಖಲೆಯಿಂದ ಉಪಯೋಗವಿಲ್ಲ. ‘ಭೂಮಿ’ ಯೋಜನೆಯಲ್ಲಿ ನೌಕರರು ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ಮಾಡಿದ್ದು, ಹಕ್ಕು ಬದಲಾವಣೆಯ ಆದೇಶದ ಮೂಲ ಪ್ರತಿಯ ಚಿತ್ರವನ್ನು ಯಂತ್ರದಲ್ಲಿಟ್ಟದ್ದು ಇದಕ್ಕಾಗಿಯೇ. ಆಮೇಲೆ ‘ನಾನಲ್ಲ’ ಎನ್ನುವಂತಿಲ್ಲ.

ಈಗ ನಮ್ಮ ಮನೆಯ ಮಾತು. ಪಹಣಿಯಲ್ಲಿ ಹೆಸರು ಬದಲಾಗಿದೆಯೆಂದು ತಿಳಿದೊಡನೆ ಮುಂಬಯಿಯಲ್ಲಿರುವವನಿಗೆ ಊರಲ್ಲಿರುವ ತಮ್ಮನ ಮೇಲೆ ಅನುಮಾನ. ಫೋನಿನಲ್ಲಿ ಜಗಳ, ಹಬ್ಬಕ್ಕೆ ಹೋಗುವುದೂ ನಿಲ್ಲುತ್ತದೆ. ಬಂಧುಗಳೇ, ತಮ್ಮನನ್ನು ಕೇಳುವ ಮುಂಚೆ ಕಾಗದವನ್ನು ಕೇಳಿರಿ. ಟ್ರಂಕಿನಲ್ಲಿರುವ ಕೈಬರಹದ ಹಳೆಯ ಪಹಣಿಯನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿಡಿರಿ. 9ನೆಯ ಕಾಲಮ್ಮಿನಲ್ಲಿ ಮಾಲೀಕರ ಹೆಸರು, 10ರಲ್ಲಿ ಜಮೀನು ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು. ಬದಲಾವಣೆಗೆ ಎಂ.ಆರ್. ನಂಬರು ಇದೆಯೇ ನೋಡಿರಿ. ಇದ್ದರೆ ಆ ನಂಬರಿನ ನಕಲು ತೆಗೆಸಿರಿ. ತಂದೆಯವರ ಕಾಲಾನಂತರದ ಪೌತಿ ಖಾತೆಯೋ, ಕ್ರಯವೋ, ವಿಭಾಗವೋ ಅದರಿಂದ ತಿಳಿಯುತ್ತದೆ. ಅನ್ಯಾಯವೆಂದು ಕಂಡರೆ ಅಸಿಸ್ಟೆಂಟ್ ಕಮಿಷನರರಲ್ಲಿ ಅಪೀಲು ಮಾಡಬಹುದು; ಅದಕ್ಕೆ ಅವಧಿಯುಂಟು, ತಡಮಾಡಬೇಡಿರಿ. ನಂಬರೇ ಇಲ್ಲದಿದ್ದರೆ ನಕಲು ಮಾಡುವಾಗಿನ ತಪ್ಪಿರಬಹುದು. ಹಳೆಯ ಪ್ರತಿಯೊಡನೆ ತಹಶೀಲ್ದಾರರಿಗೆ ಅರ್ಜಿ ಕೊಡಿರಿ.

ಆದುದರಿಂದ ಹಳೆಯ ಕಾಗದವನ್ನು ರದ್ದಿಯವನಿಗೆ ಹಾಕಬೇಡಿರಿ. ಹೊಸ ಪುಸ್ತಕಕ್ಕೆ ಸಾಕ್ಷಿ ಹೇಳುವುದು ಹಳೆಯ ಪುಸ್ತಕವೇ. ಪಹಣಿ ಓದಲು ತೊಡಕಾದವರು ಸಂಜೆ ವಾಚನಾಲಯಕ್ಕೆ ತನ್ನಿರಿ, ಕೂಡಿ ಓದೋಣ.