ಅಂಗಡೀಲಿ ಜಾರಿ ಬಿದ್ರೆ ಆ ದಿನವೇ ಸಹಿ ಹಾಕ್ಬೇಡಿ

ಇವತ್ತು ನಮ್ಮನೆ ಕಥೆಯಿಂದಲೇ ಶುರು ಮಾಡ್ತೀನಿ.

ಹೋದ ವರ್ಷ ಅಮ್ಮನ ಜೊತೆ ಹಿರಿಯೂರಿಂದ ಚಿತ್ರದುರ್ಗಕ್ಕೆ ಹೋಗಿದ್ದೆ. ಒಂದು ದೊಡ್ಡ ಅಂಗಡೀಲಿ ಸಾಮಾನು ತಗೊಂಡು, ಬಿಲ್ ಕಟ್ಟಿ ಹೊರಡೋ ಹೊತ್ತಿಗೆ ಅಮ್ಮ ಜಾರಿ ಬಿದ್ರು. ಆಗಷ್ಟೇ ನೆಲ ಒರೆಸಿದ್ರು. ‘ನೆಲ ಒದ್ದೆ ಇದೆ’ ಅಂತ ಒಂದು ಬೋರ್ಡೂ ಇರಲಿಲ್ಲ. ಬಲಗೈ ಮಣಿಕಟ್ಟು ಮುರೀತು. ನಮ್ಮಮ್ಮ ಬಟ್ಟೆ ಹೊಲಿದು ಮನೆ ನಡೆಸೋರು.

ಮ್ಯಾನೇಜರ್ ಬಂದು, "ನೋಡ್ಕೊಂಡು ನಡೀಬೇಕಲ್ವಾ ಅಮ್ಮ" ಅಂದ್ರು. ಆಮೇಲೆ 2,000 ರೂಪಾಯಿ ಮುಂದಿಟ್ಟು, ಒಂದು ಹಾಳೆಗೆ ಸಹಿ ಕೇಳಿದ್ರು. ‘ಇನ್ನು ಯಾವ ತಕರಾರೂ ಇಲ್ಲ’ ಅಂತ ಅದರಲ್ಲಿತ್ತು. ಅಮ್ಮನಿಗೆ ಪೆನ್ನು ಹಿಡಿಯೋಕೇ ಆಗಲಿಲ್ಲ. ಅದೇ ನಮ್ಮನ್ನ ಉಳಿಸಿದ್ದು.

ನಾನು ಮಾಡಿದ ಒಳ್ಳೇ ಕೆಲಸ: ಒದ್ದೆ ನೆಲದ ಫೋಟೋ ತೆಗೆದೆ, ಬಿಲ್ ಜೋಪಾನ ಮಾಡಿದೆ, ಎಲ್ಲಿ ಹೇಗೆ ಬಿದ್ರು ಅಂತ ಡಾಕ್ಟರ್ ಚೀಟೀಲಿ ಬರೆಸಿದೆ. ಮಾಡಿದ ತಪ್ಪು: ಸಿಸಿಟಿವಿ ರೆಕಾರ್ಡಿಂಗ್ ತೆಗೆದಿಡಿ ಅಂತ ಒಂದು ತಿಂಗಳಾದ ಮೇಲೆ ಮೇಲ್ ಹಾಕಿದೆ. ಅಷ್ಟರಲ್ಲಿ ಅಳಿಸಿಹೋಗಿತ್ತು. ನೀವು ಅದೇ ದಿನ ಬರೆದು ಕೇಳಿ.

ಈಗ ಕಾನೂನು. ದುಡ್ಡು ಕೊಟ್ಟು ಕೊಂಡವರು ಗ್ರಾಹಕರು, ಅದಕ್ಕೇ ಬಿಲ್ ಮುಖ್ಯ. ಅಂಗಡಿಯವರ ಅಜಾಗರೂಕತೆಯಿಂದ ಪೆಟ್ಟಾದ್ರೆ, ‘ಸೇವಾ ನ್ಯೂನತೆ’ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಪರಿಹಾರ ಕೇಳಬಹುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರಿಗೆಲ್ಲ ಚಿತ್ರದುರ್ಗದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಬೆಂಗಳೂರಿನ ಮಾಲ್‌ನಲ್ಲಿ ಬಿದ್ರೂ, ನೀವು ವಾಸ ಇರೋ ಜಿಲ್ಲೇಲೇ ದೂರು ಕೊಡಬಹುದು. 2 ವರ್ಷದೊಳಗೆ ಕೊಡ್ಬೇಕು. ಕೊಂಡ ಸಾಮಾನಿನ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ದಾರಿ ಗೊತ್ತಾಗದಿದ್ರೆ 1915ಕ್ಕೆ ಫೋನ್ ಮಾಡಿ.

ನಾವು ಆಯೋಗದವರೆಗೆ ಹೋಗಲಿಲ್ಲ. ಫೋಟೋ, ಬಿಲ್, ಆಸ್ಪತ್ರೆ ಚೀಟಿ ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟಲ್ಲಿ ನೋಟಿಸ್ ಕಳಿಸಿದ್ವಿ. ಆಸ್ಪತ್ರೆ ಖರ್ಚು ಪೂರ್ತಿ ಕೊಟ್ರು, ಹೊಲಿಗೆ ನಿಂತ ಎರಡು ತಿಂಗಳಿಗೆ ಅರ್ಧ ಮಾತ್ರ. ಅಮ್ಮ ಅಷ್ಟಕ್ಕೇ ಒಪ್ಪಿದ್ರು. ಆದ್ರೆ ಈಗಲೂ ದುರ್ಗಕ್ಕೆ ಹೋದಾಗೆಲ್ಲ ನನಗೆ ಹೇಳ್ತಾರೆ: "ಆ ಅಂಗಡೀಲಿ ಬೋರ್ಡ್ ಇಟ್ಟಿದ್ದಾರಾ ನೋಡ್ಕೊಂಡು ಬಾ."