ಮರಳಿ ಮರಳಿ ಕೆಡುವ ಲ್ಯಾಪ್‌ಟಾಪ್: ಗ್ರಾಹಕನಿಗೆ ಸಲ್ಲಬೇಕಾದದ್ದೇನು?



ಜೋಯಿಡಾದ ಕಾಡಂಚಿನ ಮನೆಯೊಂದಕ್ಕೆ ಲ್ಯಾಪ್‌ಟಾಪ್ ಆಡಂಬರದ ವಸ್ತುವಲ್ಲ. ಮಕ್ಕಳ ಓದಿಗೆಂದು ಕೂಡಿಟ್ಟ ಹಣ ಅದರಲ್ಲಿ ಅಡಗಿರುತ್ತದೆ. ಅದು ಕೆಟ್ಟರೆ ದಾಂಡೇಲಿಗೋ ಹಳಿಯಾಳಕ್ಕೋ, ಅಲ್ಲಿ ಆಗದಿದ್ದರೆ ಹುಬ್ಬಳ್ಳಿಗೋ ಹೊತ್ತೊಯ್ಯಬೇಕು. ಪ್ರತಿ ಓಡಾಟಕ್ಕೂ ಒಂದು ದಿನದ ದುಡಿಮೆ, ಒಂದು ದಿನದ ಪಾಠ ತಪ್ಪುತ್ತವೆ. ಮುಂಡಗೋಡಿನ ಹಳ್ಳಿಗಳ ಪಾಡೂ ಬೇರೆಯಲ್ಲ.

ಯಂತ್ರವು ಒಮ್ಮೆ ಕೆಡುವುದು ಸಹಜ. ಆದರೆ ವಾರಂಟಿಯ ಅವಧಿಯಲ್ಲಿಯೇ ಅದೇ ದೋಷ ಮೂರು ನಾಲ್ಕು ಬಾರಿ ಮರುಕಳಿಸಿದರೆ, ಸರಕೇ ದೋಷಪೂರಿತವೆಂದು ವಾದಿಸಲು ಆಧಾರ ಸಿಗುತ್ತದೆ. ಎಷ್ಟು ರಿಪೇರಿಗಳ ಬಳಿಕ ಬದಲಿಸಿಕೊಡಬೇಕೆಂದು ಕಾಯಿದೆಯು ಎಣಿಕೆ ನಿಗದಿಪಡಿಸಿಲ್ಲ. ಆದುದರಿಂದ ಗ್ರಾಹಕನ ಕೈಯಲ್ಲಿನ ಕಾಗದಗಳೇ ಸಾಕ್ಷಿ. ಖರೀದಿಯ ರಸೀದಿ, ವಾರಂಟಿ ಪತ್ರ, ಪ್ರತಿ ಸಲದ ಜಾಬ್ ಶೀಟ್ ಜೋಪಾನವಾಗಿರಬೇಕು. ದೋಷದ ವಿವರ, ಒಪ್ಪಿಸಿದ ದಿನ, ಮರಳಿ ಪಡೆದ ದಿನ ಅದರಲ್ಲಿ ನಮೂದಾಗಿರಬೇಕು. ವಾರಂಟಿಯಿರುವಾಗ ಬೇರೆಡೆ ಬಿಚ್ಚಿಸಿದರೆ ಕಂಪನಿಗೆ ನೆಪ ಸಿಕ್ಕಂತಾಗುತ್ತದೆ.

ಬದಲಿ ಯಂತ್ರವನ್ನು ಒಪ್ಪಿಕೊಳ್ಳುವ ಮುನ್ನ ಕೆಲವು ಮಾತುಗಳನ್ನು ಬರಹದಲ್ಲಿ ಪಡೆಯುವುದು ವಿವೇಕ. ಕೊಡುವುದು ಹೊಸದೋ, ದುರಸ್ತಿ ಮಾಡಿದ ಹಳೆಯದೋ? ಹಳೆಯ ಮಾದರಿಯ ತಯಾರಿಕೆ ನಿಂತಿದ್ದರೆ ಕೊಡುವ ಮಾದರಿಯ ಸಾಮರ್ಥ್ಯ ಅದಕ್ಕಿಂತ ಕಡಿಮೆಯಿಲ್ಲವಷ್ಟೆ? ವಾರಂಟಿ ಹೊಸದಾಗಿ ಆರಂಭವೋ, ಉಳಿದ ದಿನಗಳಿಗಷ್ಟೇ ಸೀಮಿತವೋ? ಹಳೆಯ ಯಂತ್ರದಲ್ಲಿರುವ ಬರಹ, ಚಿತ್ರಗಳ ಪ್ರತಿಯನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ದೂರಬಹುದು. ಅಲ್ಲಿಯೂ ಇತ್ಯರ್ಥವಾಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗವಿದೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಗುಡ್ಡಗಾಡಿನವರಿಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿತು. ಸರಕನ್ನು ಹುಬ್ಬಳ್ಳಿಯಲ್ಲಿ ಕೊಂಡಿರಲಿ, ಅಂತರಜಾಲದಲ್ಲಿ ತರಿಸಿರಲಿ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕಾರಣ ಉದ್ಭವಿಸಿದ 2 ವರ್ಷಗಳೊಳಗೆ ದೂರು ಸಲ್ಲಿಕೆಯಾಗಬೇಕು. ಸರಕಿಗೆ ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರ ನೇಮಕ ಕಡ್ಡಾಯವಲ್ಲ. ಅಂತರಜಾಲದ ಮೂಲಕವೂ ದೂರು ಸಲ್ಲಿಸಬಹುದು. ಕೋರಿಕೆಯ ಮೇರೆಗೆ ವಿಡಿಯೋ ಮೂಲಕ ವಿಚಾರಣೆಗೂ ಅವಕಾಶವಿದೆ. ದೋಷ ನಿವಾರಣೆ, ಹೊಸ ಸರಕು, ಬೆಲೆಯ ಮರುಪಾವತಿ, ನಷ್ಟ ಪರಿಹಾರ ಇವುಗಳನ್ನು ಆದೇಶಿಸುವ ಅಧಿಕಾರ ಆಯೋಗಕ್ಕಿದೆ.

ಇದು ಕೇವಲ ಹಣದ ಪ್ರಶ್ನೆಯೂ ಅಲ್ಲ. ಒಂದು ಲ್ಯಾಪ್‌ಟಾಪಿನ ತಾಮ್ರ, ಅಲ್ಯೂಮಿನಿಯಂ, ಲಿಥಿಯಂ ಯಾವುದೋ ನೆಲವನ್ನು ಅಗೆದು ಬಂದವು. ಕಳಪೆ ಸರಕು ಮಾರುವ ಕಂಪನಿ ಆ ಅಗೆತವನ್ನು ವ್ಯರ್ಥಗೊಳಿಸುತ್ತದೆ. ಕೆಟ್ಟದ್ದನ್ನು ಹಳ್ಳಕ್ಕೆಸೆದರೆ ಅಥವಾ ಸುಟ್ಟರೆ ಅದರ ವಿಷ ಕಾಳಿಯ ಕಣಿವೆಯ ನೀರಿಗೂ ಗಾಳಿಗೂ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ಇಂತಹ ತ್ಯಾಜ್ಯದ ಮರುಬಳಕೆಯ ಹೊಣೆ ಉತ್ಪಾದಕರದು.

ರಿಪೇರಿಯಾಗುವುದನ್ನು ರಿಪೇರಿ ಮಾಡಿಸುವುದು ಮೊದಲ ಧರ್ಮ. ಆಗದ್ದನ್ನು ಬದಲಿಸಿಕೊಡಿರೆಂದು ಕೇಳುವುದು ಹಕ್ಕು. ಕೆಟ್ಟದ್ದು ಕಾಡಿಗೆ ಸೇರದಂತೆ ನೋಡಿಕೊಳ್ಳುವುದು ಎಲ್ಲರ ಕರ್ತವ್ಯ. ಇಂದು ಮನೆಗೆ ಮರಳಿದವರು ಮೊದಲು ಆ ಹಳೆಯ ರಸೀದಿಯನ್ನು ಹುಡುಕಿ ತೆಗೆದಿಡಲಿ.